ಟ್ಯೂಬ್‌ಲೈಟು ಕೆಟ್ಟ ಮೇಲೆ

ತರಗತಿಯಲ್ಲಿ ತಡವಾಗಿ ಅರ್ಥಮಾಡಿಕೊಳ್ಳುವವನನ್ನು ನಾವು ‘ಟ್ಯೂಬ್‌ಲೈಟು’ ಎಂದು ಹಾಸ್ಯ ಮಾಡುವುದುಂಟಷ್ಟೆ. ಆ ಬಿರುದು ನನಗೂ ಸಂದಿದೆ. ಆದರೆ ಆ ದೀಪ ತಡವಾಗಿ ಹತ್ತುವುದೇಕೆ, ಕೆಡುವುದೇಕೆ, ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹಾಸ್ಯ ಮಾಡಿದವರೂ ವಿಚಾರಿಸಲಿಲ್ಲ, ಹಾಸ್ಯಕ್ಕೆ ಗುರಿಯಾದ ನಾನೂ ವಿಚಾರಿಸಲಿಲ್ಲ. ಈಗ ವಿಚಾರಿಸಬೇಕಾಗಿ ಬಂದಿದೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ.

ಕಾಲೇಜು ಬಿಟ್ಟ ಮೇಲೆ ಸಂಜೆ ಒಂದು ಬಟ್ಟೆ ಅಂಗಡಿಯಲ್ಲಿ ದುಡಿಯುತ್ತೇನೆ. ಅಲ್ಲಿ ೨೪ ಟ್ಯೂಬುಗಳಿದ್ದವು. ಅವುಗಳಲ್ಲಿ ಎರಡೋ ಮೂರೋ ಸದಾ ಮಿಣುಕುತ್ತಿದ್ದವು. ಬದಲಾಯಿಸೋಣವೆಂದರೆ ಸಾಹುಕಾರರು, “ಪೂರ್ತಿ ಹೋಗೋ ತನಕ ಇರಲಿ ಬಿಡಪ್ಪ” ಎನ್ನುತ್ತಿದ್ದರು. ಇದು ಅವರೊಬ್ಬರ ಮಾತಲ್ಲ. ಅಂಗಡಿ, ಹೋಟೆಲು, ಕಚೇರಿ, ಎಲ್ಲೆಲ್ಲಿಯೂ ನಡೆಯುವ ಪದ್ಧತಿ. ಇದು ಉಳಿತಾಯವಲ್ಲ, ಇನ್ನೊಬ್ಬರ ತಲೆಗೆ ಕಟ್ಟುವ ಖರ್ಚು ಎಂಬುದೇ ನನ್ನ ವಾದ.

ಟ್ಯೂಬಿನ ಎರಡು ತುದಿಗಳಲ್ಲಿಯೂ ಟಂಗ್‌ಸ್ಟನ್ನಿನ ಸಣ್ಣ ಸುರುಳಿಯಿದೆ. ಅದಕ್ಕೆ ಬಳಿದ ಬೇರಿಯಂ ಮೊದಲಾದವುಗಳ ಲೇಪ ಕಾದಾಗ ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಒಳಗಿನ ಆರ್ಗಾನ್ ಅನಿಲ ಮತ್ತು ಪಾದರಸದ ಆವಿಯ ಮೂಲಕ ವಿದ್ಯುತ್ತು ಹರಿದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹುಟ್ಟುತ್ತದೆ. ಗಾಜಿನ ಒಳಮೈಗೆ ಹಚ್ಚಿದ ಬಿಳಿಯ ಪುಡಿ ಅದನ್ನು ಬೆಳಕಾಗಿ ಮಾರ್ಪಡಿಸುತ್ತದೆ. ಸ್ಟಾರ್ಟರು ಮೊದಲು ಸುರುಳಿಗಳನ್ನು ಕಾಯಿಸಬೇಕು; ಆದ್ದರಿಂದಲೇ ತಡ. ಪ್ರತಿ ಸಲ ಹೊತ್ತಿಸಿದಾಗಲೂ ಲೇಪ ಕೊಂಚ ಸವೆಯುತ್ತದೆ. ತುದಿ ಕಪ್ಪಾಗುವುದು ಅದರ ಗುರುತು. ಲೇಪ ಮುಗಿದರೆ ಟ್ಯೂಬಿನ ಆಯುಸ್ಸೂ ಮುಗಿಯಿತು. ವೋಲ್ಟೇಜು ಇಳಿದರೆ, ಹೋಲ್ಡರು ಸಡಿಲವಾದರೆ, ಸ್ಟಾರ್ಟರು ಕೆಟ್ಟರೆ ಒಳ್ಳೆಯ ಟ್ಯೂಬೂ ಮಿಣುಕುತ್ತದೆ; ಮಿಣುಕುತ್ತಲೇ ಇದ್ದರೆ ಅದೂ ಬೇಗ ಸವೆಯುತ್ತದೆ.

ಕೆಟ್ಟ ಟ್ಯೂಬು ಸುಮ್ಮನಿರುವುದಿಲ್ಲ. ಸ್ಟಾರ್ಟರು ಅದನ್ನು ಹೊತ್ತಿಸಲು ಮತ್ತೆ ಮತ್ತೆ ಯತ್ನಿಸುತ್ತದೆ. ಕೆಲವೊಮ್ಮೆ ಸ್ಟಾರ್ಟರಿನೊಳಗಿನ ಪಟ್ಟಿಗಳು ಅಂಟಿಕೊಂಡು ಟ್ಯೂಬಿನ ಎರಡು ತುದಿಗಳು ಮಾತ್ರ ಕೆಂಪಗೆ ಉರಿಯುತ್ತವೆ. ಆಗ ಚೋಕಿನಲ್ಲಿ ಮಾಮೂಲಿಗಿಂತ ಹೆಚ್ಚು ವಿದ್ಯುತ್ತು ಹರಿದು ಚೋಕು ಕಾಯುತ್ತದೆ. ತಂತಿಯ ಹೊದಿಕೆ ಸುಟ್ಟ ವಾಸನೆ ಬರುತ್ತದೆ. ಎಲೆಕ್ಟ್ರಾನಿಕ್ ಚೋಕಿನ ತೆಳು ಟ್ಯೂಬುಗಳಲ್ಲಿ ತಕ್ಕ ರಕ್ಷಣೆಯಿಲ್ಲದಿದ್ದರೆ ತುದಿ ವಿಪರೀತ ಕಾದು ಗಾಜು ಬಿರಿಯಬಹುದು, ಹೋಲ್ಡರು ಕರಗಬಹುದು. ಕೆಳಗೆ ಬಟ್ಟೆಯ ರಾಶಿ, ಮೇಲೆ ಪ್ಲೈವುಡ್ಡು! ಬೆಂಕಿಗೆ ಇನ್ನೇನು ಬೇಕು?

ಕಳೆದ ವರ್ಷ ಅಂಗಡಿಗೆ ಎಲ್‌ಇಡಿ ದೀಪಗಳು ಬಂದವು. ಹಳೆಯ ೨೪ ಟ್ಯೂಬುಗಳನ್ನು ಕಸಕ್ಕೆ ಹಾಕಿ ಬರುವಂತೆ ನನಗೆ ಹೇಳಿದರು. ಚೀಲಕ್ಕೆ ಉದ್ದವಾದವೆಂದು ಮುರಿದು ತುಂಬಿ ಬೀದಿಯ ಕೊನೆಯಲ್ಲಿಟ್ಟೆ. ಮರುದಿನ ನಮ್ಮ ಅವ್ವ ಅಂಗೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಳು. ಅವಳು ಪೌರಕಾರ್ಮಿಕಳು, ಆ ಬೀದಿ ಅವಳ ಸರದಿಯದು. ಕೇಳಿದರೆ, “ಟ್ಯೂಬ್‌ಲೈಟು ಗಾಜು ಕಣಪ್ಪ, ದಿನಾ ಇದ್ದದ್ದೇ” ಎಂದಳು. ಆಗ ನನಗೆ ಹೊಳೆಯಿತು, ತಡವಾಗಿ.

ಗಾಜಿನ ಗಾಯವಾದರೂ ಕಣ್ಣಿಗೆ ಕಾಣುತ್ತದೆ. ಪಾದರಸದ ಆವಿ ಕಾಣುವುದಿಲ್ಲ. ಒಂದು ಟ್ಯೂಬಿನಲ್ಲಿರುವುದು ಕೆಲವೇ ಮಿಲಿಗ್ರಾಂ. ಮನೆಯಲ್ಲಿ ಒಂದು ಒಡೆದರೆ ಹೌಹಾರಬೇಕಾಗಿಲ್ಲ: ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಪೊರಕೆ ಮುಟ್ಟದೆ, ಗಟ್ಟಿ ರಟ್ಟಿನಿಂದ ಚೂರುಗಳನ್ನೂ ಒದ್ದೆ ಕಾಗದದಿಂದ ಪುಡಿಯನ್ನೂ ತೆಗೆದು ಭದ್ರವಾಗಿ ಕಟ್ಟಿಡಬೇಕು. ಆದರೆ ದಿನವೂ ಎಲ್ಲರ ಚೀಲಗಳನ್ನೂ ಬಿಚ್ಚುವವರ ಪಾಲಿಗೆ ಲೆಕ್ಕ ಬೇರೆ. ಅವರ ಉಸಿರಿಗೆ ಕಿಟಕಿ ತೆರೆಯುವವರು ಯಾರು?

ಪಾದರಸವೆಂದರೆ ಏನೆಂಬುದನ್ನು ಜಪಾನಿನ ಮಿನಮಾಟ ಲೋಕಕ್ಕೆ ತಿಳಿಸಿತು. ಅಲ್ಲಿ ಕಾರ್ಖಾನೆಯೊಂದು ಕಡಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಬೆಸ್ತರ ನರಗಳನ್ನು ಹೊಕ್ಕಿತು. ರೋಗ ಬೆಳಕಿಗೆ ಬಂದದ್ದು ೧೯೫೬ರಲ್ಲಿ. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತವು ೨೦೧೮ರಲ್ಲಿ ಅಂಗೀಕರಿಸಿತು. ೨೦೨೩ರಲ್ಲಿ ಜಿನೀವಾದಲ್ಲಿ ಸೇರಿದ ಅದರ ಸಭೆ, ಇಂಥ ಟ್ಯೂಬುಗಳ ತಯಾರಿಕೆಯೂ ಆಮದು-ರಫ್ತೂ ೨೦೨೭ರೊಳಗೆ ನಿಲ್ಲಬೇಕೆಂದು ಗೊತ್ತುಪಡಿಸಿತು. ಸಂತೋಷವೇ. ಆದರೆ ಹೊಸದು ಬಾರದಿರುವುದರಿಂದ ಹಳೆಯದು ಮಾಯವಾಗುವುದಿಲ್ಲ. ಈಗ ಊರೂರಿನಲ್ಲಿಯೂ ಗೋಡೆಯಿಂದ ಇಳಿಯುತ್ತಿರುವ ಟ್ಯೂಬುಗಳೆಲ್ಲ ಕಸದ ಚೀಲವನ್ನೇ ಸೇರುತ್ತವೆ. ೨೦೧೬ರ ಘನತ್ಯಾಜ್ಯ ನಿಯಮಗಳಲ್ಲಿಯೇ ಟ್ಯೂಬ್‌ಲೈಟನ್ನು ಅಪಾಯಕಾರಿ ಕಸವೆಂದು ಬೇರ್ಪಡಿಸಿತ್ತು. ನಿಯಮ ಪುಸ್ತಕದಲ್ಲಿ ಉಳಿಯಿತು, ಗಾಜು ಬೀದಿಗೆ ಬಂತು.

ಮಿಣುಕುವ ಟ್ಯೂಬನ್ನು ಅಂದೇ ಆರಿಸಿ, ಅಂದೇ ಇಳಿಸಬೇಕು. ಇಳಿಸಿದ್ದನ್ನು ಮುರಿಯದೆ, ರಟ್ಟು ಸುತ್ತಿ, ಬೇರೆಯಾಗಿ ಕೊಡಬೇಕು. ನಮ್ಮ ಕಾಲೇಜಿನಲ್ಲಿಯೂ ತೆಗೆದ ಟ್ಯೂಬುಗಳು ಉಗ್ರಾಣದ ಗೋಡೆಗೆ ಒರಗಿ ನಿಂತಿವೆ. ಪೂಜ್ಯ ಪ್ರಿನ್ಸಿಪಾಲರ ಅಪ್ಪಣೆಯಾದರೆ ಅವನ್ನು ಪರವಾನಗಿಯುಳ್ಳ ಮರುಬಳಕೆಯವರಿಗೆ ತಲುಪಿಸುವುದರಿಂದಲೇ ನಾವು ಪ್ರಾರಂಭಿಸಬಹುದು. ಹೊರುವುದಕ್ಕೆ ನಾನು ಸಿದ್ಧ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನಿಗೆ ಓದು ಬಾರದು. ಆ ಚೀಲ ಕಟ್ಟಿದವನು ನಾನೆಂದು ಅವಳಿಗೆ ಇನ್ನೂ ಹೇಳಿಲ್ಲ. ಈ ಲೇಖನ ಅಚ್ಚಾದ ದಿನ ಓದಿ ಹೇಳಬೇಕೆಂದಿದ್ದೇನೆ.