ಅರಿಶಿನ ಮತ್ತು ದೇಹದ ಕಬ್ಬಿಣ
ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಅದರ ಅಣುವಿನ ನಡುವಿನ ಎರಡು ಆಮ್ಲಜನಕ ಪರಮಾಣುಗಳು ಫೆರಿಕ್ ಕಬ್ಬಿಣವನ್ನು ಏಡಿಯ ಕೊಂಡಿಯ ಹಾಗೆ ಕಚ್ಚಿಕೊಳ್ಳುತ್ತವೆ. ಹಾಗೆ ಸಿಕ್ಕಿಬಿದ್ದ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಕಬ್ಬಿಣ ಕಡಿಮೆಯಿರುವ ಆಹಾರದ ಜೊತೆ ಕರ್ಕ್ಯುಮಿನ್ ತಿಂದ ಇಲಿಗಳಲ್ಲಿ ಹಿಮೋಗ್ಲೋಬಿನ್ ಇಳಿದು, ಯಕೃತ್ತು ಮತ್ತು ಗುಲ್ಮದ ಕಬ್ಬಿಣದ ದಾಸ್ತಾನು ಕರಗಿದ್ದು 2009ರಲ್ಲಿ ವರದಿಯಾಯಿತು. ಕರುಳಿನ ಹೀರಿಕೆಗೆ ಕಡಿವಾಣ ಹಾಕುವ ಹೆಪ್ಸಿಡಿನ್ ಹಾರ್ಮೋನೂ ತಗ್ಗಿತ್ತು. ಕಡಿವಾಣ ಸಡಿಲವಾಗಿದ್ದರೂ ಕೊರತೆ ನೀಗಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಅಡುಗೆಮನೆಯ ಲೆಕ್ಕ ಬೇರೆ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು, ಸಾರಿಗೆ ಬೀಳುವುದು ಕಾಲು ಚಮಚ ಪುಡಿ. ಯುವತಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಊಟದ ಕಬ್ಬಿಣದ ಹೀರಿಕೆಯನ್ನು ಕುಗ್ಗಿಸಿದ್ದು ಮೆಣಸಿನಕಾಯಿ, ಅರಿಶಿನವಲ್ಲ. ಊಟದ ಬೆನ್ನಿಗೇ ಕುಡಿಯುವ ಚಹಾ ಅರಿಶಿನಕ್ಕಿಂತ ದೊಡ್ಡ ಅಡ್ಡಿ. ಎಚ್ಚರ ಬೇಕಾದದ್ದು ಅಂಗಡಿಯ ಕ್ಯಾಪ್ಸೂಲುಗಳಲ್ಲಿ: ಅಲ್ಲಿ ಸಾರ ಸಾಂದ್ರವಾಗಿರುತ್ತದೆ, ಅದು ರಕ್ತಕ್ಕೆ ಹೆಚ್ಚು ಸೇರಲೆಂದು ಎಷ್ಟೋ ಬಾರಿ ಕರಿಮೆಣಸಿನ ಪೈಪರಿನ್ ಕೂಡಿಸಿರುತ್ತಾರೆ. ಅವನ್ನು ದೊಡ್ಡ ಪ್ರಮಾಣದಲ್ಲಿ ನುಂಗಿ ರಕ್ತಹೀನತೆಗೆ ಒಳಗಾದ ರೋಗಿ, ನಿಲ್ಲಿಸಿದ ಮೇಲೆ ಚೇತರಿಸಿಕೊಂಡ ದಾಖಲೆಯಿದೆ. ಪದೇ ಪದೇ ರಕ್ತ ಪಡೆದು ಕಬ್ಬಿಣ ತುಂಬಿಕೊಳ್ಳುವ ಥಲಸ್ಸೀಮಿಯಾ ರೋಗಿಗಳಿಗೆ ಕರ್ಕ್ಯುಮಿನ್‌ನ ಕಬ್ಬಿಣ ಹಿಡಿಯುವ ಇದೇ ಗುಣ ನೆರವಾದೀತೇ ಎಂದೂ ಸಂಶೋಧಕರು ಪರೀಕ್ಷಿಸಿದ್ದಾರೆ.