ಒಂದು ಪೋಸ್ಟರಿನಲ್ಲಿ ಎರಡು ಕವರ್‌ಗಳು

ನಮ್ಮ ಮದ್ರಸದಲ್ಲಿ ಕಲಿತು, ಮೀಲಾದ್ ಮೆರವಣಿಗೆಯ ದಫ್ ತಂಡದಲ್ಲಿ ಹಲವು ವರ್ಷ ತಾಳ ಹಿಡಿದಿದ್ದ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಸಂಜೆ ಗೆಳೆಯರ ಬ್ಯಾಂಡೊಂದರಲ್ಲಿ ಡ್ರಮ್ಸ್ ನುಡಿಸುತ್ತಾನೆ. ಅಕ್ಟೋಬರ್ 31ರ ರಾತ್ರಿ ಪಬ್ಬೊಂದರಲ್ಲಿ ನಡೆಯಲಿದ್ದ ಹ್ಯಾಲೋವೀನ್ ಕಾರ್ಯಕ್ರಮದ ಪೋಸ್ಟರ್ ಊರಿನ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಿತು. ನಾಲ್ಕು ಸ್ಥಳೀಯ ಬ್ಯಾಂಡ್‌ಗಳು; ಒಂದೊಂದೂ ವಿದೇಶದ ಒಂದೊಂದು ಖ್ಯಾತ ಬ್ಯಾಂಡಿನ ವೇಷ ತೊಟ್ಟು ಅವರದೇ ಹಾಡುಗಳನ್ನು ಹಾಡುವುದೆಂದು ಅದರಲ್ಲಿತ್ತು. ಮೂಲೆಯ ಚಿತ್ರದಲ್ಲಿ ನಮ್ಮ ಹುಡುಗ, ಕೆನ್ನೆಗೆ ಕೆಂಪು ಬಣ್ಣ ಬಳಿದುಕೊಂಡು.

ಅದರ ಬೆನ್ನಿಗೇ ಎಲ್ಲಿಂದಲೋ ಬಂದ ಧ್ವನಿಸಂದೇಶವೂ ಹರಿದಾಡಿತು. ಹ್ಯಾಲೋವೀನ್ ಎಂದರೆ ಸೈತಾನನ ಜನ್ಮದಿನ, ಅಂದು ನುಡಿಸುವ ಸಂಗೀತವೆಲ್ಲ ಅವನ ಆರಾಧನೆ, ಭಾಗವಹಿಸಿದವನು ದೀನಿನಿಂದಲೇ ಹೊರಗೆ! ಫಜ್ರ್‌ನ ಹೊತ್ತಿಗೆ ಆ ಹುಡುಗನ ತಂದೆ ಮಸೀದಿಯ ಮೆಟ್ಟಿಲು ಹತ್ತಲು ಅಳುಕುವಂತಾಗಿತ್ತು.

ನಾವು ಆ ಕಾರ್ಯಕ್ರಮದ ವಿರೋಧಿಗಳು. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಮುಂದಿನ ಸಾಲುಗಳನ್ನು ಓದಿ ಯಾರೂ ಬೇರೆ ಅರ್ಥ ಮಾಡಿಕೊಳ್ಳದಿರಲಿ. ಆದರೆ ಒಂದು ಕೆಡುಕನ್ನು ವಿರೋಧಿಸಲು ಸುಳ್ಳನ್ನು ಊರುಗೋಲಾಗಿ ಹಿಡಿಯುವವರಿಗೂ ನಾವು ವಿರೋಧಿಗಳೇ.

ಹ್ಯಾಲೋವೀನ್ ಯಾರ ಜನ್ಮದಿನವೂ ಅಲ್ಲ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಸಂಜೆಗೆ ಇಂಗ್ಲಿಷಿನಲ್ಲಿದ್ದ ಹೆಸರೇ ಸವೆದು ಹ್ಯಾಲೋವೀನ್ ಆಯಿತು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವಾಗ ಆಚರಿಸುತ್ತಿದ್ದ ಸಾವಿನ್ ಎಂಬ ಹಳೆಯ ಹಬ್ಬದ ನಂಬಿಕೆಗಳೂ ಇದರೊಡನೆ ಬೆರೆತವು. 1840ರ ದಶಕದ ಕ್ಷಾಮದಲ್ಲಿ ಹೊಟ್ಟೆಪಾಡಿಗಾಗಿ ಕಡಲು ದಾಟಿದ ಐರಿಷ್ ಬಡವರು ಅದನ್ನು ಅಮೆರಿಕದಲ್ಲಿ ಬೆಳೆಸಿದರು. ಊರಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪವಿಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ಇದು ನಮ್ಮ ಹಬ್ಬವಲ್ಲ. ಸತ್ತವರ ಆತ್ಮಗಳು ಅಂದು ಅಲೆಯುತ್ತವೆಂಬ ನಂಬಿಕೆಗೂ ನಮ್ಮ ಅಕೀದಾಕ್ಕೂ ಸಂಬಂಧವಿಲ್ಲ. ಇಷ್ಟೇ ಸಾಕಾಗಿತ್ತು, ಸೈತಾನನಿಗೊಂದು ಜನ್ಮದಿನ ಹುಟ್ಟಿಸುವ ಅಗತ್ಯವಿರಲಿಲ್ಲ.

ಹಬ್ಬಕ್ಕೂ ಹಾಡಿಗೂ ನಂಟು ಹೇಗೆ ಬಂತು? ಅಮೆರಿಕದ ಊರೂರುಗಳಲ್ಲಿ ಸ್ವಂತ ಹಾಡು ಕಟ್ಟುವ ಸಣ್ಣ ಬ್ಯಾಂಡ್‌ಗಳು ಆ ಒಂದು ರಾತ್ರಿ ಇನ್ನೊಬ್ಬರಾಗಿ ವೇದಿಕೆ ಏರುವ ರೂಢಿಯಿದೆ. ಮೈಗೆ ವೇಷ ಹಾಕುವವರು ಸಂಗೀತಕ್ಕೂ ವೇಷ ಹಾಕಿದರು. ವರ್ಮಾಂಟ್ ರಾಜ್ಯದ ಫಿಶ್ ಎಂಬ ಬ್ಯಾಂಡ್ 1994ರ ಅಕ್ಟೋಬರ್ 31ರಂದು ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್‌ನಲ್ಲಿ, ಅಭಿಮಾನಿಗಳ ಮತದಿಂದ ಆರಿಸಿದ ಬೀಟಲ್ಸ್ ಬ್ಯಾಂಡಿನ 1968ರ ವೈಟ್ ಆಲ್ಬಮ್ಮನ್ನು ನುಡಿಸಿತು. 'ಸಂಗೀತದ ವೇಷ' ಎಂಬುದು ಅವರೇ ಕೊಟ್ಟ ಹೆಸರು. ಅದೇ ಬಳ್ಳಿ ಹಬ್ಬಿ ಈಗ ಇಂದಿರಾನಗರ, ಕೋರಮಂಗಲಗಳ ಪಬ್ಬುಗಳಿಗೂ ಬಂದಿದೆ.

ಪರರ ಹಾಡನ್ನು ಹಾಡುವುದೇ ತಪ್ಪೆಂದು ನಾವು ಹೇಳಲಾರೆವು. ಹೇಳಿದರೆ ನಮ್ಮ ವೃತ್ತಿಗೇ ದ್ರೋಹ. ಮದ್ರಸದ ಪುಟ್ಟ ಮಗು ಉಸ್ತಾದರ ತುಟಿಯನ್ನೇ ನೋಡುತ್ತ ಅಕ್ಷರ ಕಲಿಯುತ್ತದೆ. ಅನುಕರಣೆಯೇ ಕಲಿಕೆಯ ಮೊದಲ ಮೆಟ್ಟಿಲು. ಇದೇ ಬೆಂಗಳೂರಿನ ಗಾಯಕ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನು ಗಿಟಾರಿನೊಡನೆ ಹಾಡಿದರು. ಹತ್ತೊಂಬತ್ತನೆಯ ಶತಮಾನದ ಫಕೀರನ ಮಾತು ಕನ್ನಡ ಬಾರದವರ ಬಾಯಿಗೂ ಬಂತು. (ಆ ಗುಡುಗುಡಿ ಮನುಷ್ಯನ ದೇಹವೆಂಬುದನ್ನು ಮರೆತು ಹುಕ್ಕಾದ ಮುಂದೆ ಕುಳಿತು ಕುಣಿಯುವವರ ವಿಷಯ ಬೇರೆ.) ಅದೂ ಒಂದು ಕವರ್ ಹಾಡೇ ತಾನೇ?

ನಮ್ಮ ಆಕ್ಷೇಪ ಪೋಸ್ಟರಿನ ಕೆಳಗೆ ಸಣ್ಣಕ್ಷರದಲ್ಲಿದ್ದ ಎರಡನೆಯ ಕವರ್ ಕುರಿತಾದುದು. ಕವರ್ ಚಾರ್ಜ್. ಬಾಗಿಲಲ್ಲಿ ಹಣ ಕಟ್ಟಬೇಕು. ಆ ಹಣಕ್ಕೆ ಒಳಗೆ ತಿನ್ನಬಹುದು, ಕುಡಿಯಬಹುದು. ಹಾಡಿಗೆಂದು ಕೊಟ್ಟ ದುಡ್ಡು ಲೋಟಕ್ಕೆ ಇಳಿಯುತ್ತದೆ. ಬ್ಯಾಂಡ್ ಎಷ್ಟು ಚೆನ್ನಾಗಿ ನುಡಿಸಿತೆಂಬುದನ್ನು ಆ ರಾತ್ರಿ ಅಳೆಯುವುದು ಚಪ್ಪಾಳೆಯಿಂದಲ್ಲ, ಬಾರಿನ ಬಿಲ್ಲಿನಿಂದ. ಸ್ವಂತ ಹಾಡನ್ನು ಕೇಳುವವನು ಸುಮ್ಮನೆ ಕುಳಿತು ಕೇಳಬೇಕಾಗುತ್ತದೆ. ಗೊತ್ತಿರುವ ಹಾಡಾದರೆ ಕಿರುಚಿ, ಕುಣಿದು, ಗಂಟಲು ಒಣಗಿ ಮತ್ತೊಂದು ತರಿಸುತ್ತಾನೆ. ಆದುದರಿಂದಲೇ ಮಾಲೀಕನಿಗೆ ನಮ್ಮ ಹುಡುಗರ ಹಾಡು ಬೇಡ, ಹುಡುಗರ ಕೈ ಮಾತ್ರ ಬೇಕು. ಇದಕ್ಕೆ 'ಸ್ಥಳೀಯ ಪ್ರತಿಭೆಗೆ ಪ್ರೋತ್ಸಾಹ' ಎಂದು ಹೆಸರು! ಮುಖ ಮುಚ್ಚಿಕೊಂಡು ಬಂದರೆ ಮಾತ್ರ ಒಳಗೆ ಬಿಡುವ ಪ್ರೋತ್ಸಾಹ ಎಂಥದು?

ಮಿತ್ರರೊಬ್ಬರು, 'ಅವನು ಕುಡಿಯುವುದಿಲ್ಲವಲ್ಲ, ಹಣ್ಣಿನ ರಸ ಕುಡಿದು ನುಡಿಸಿ ಬರುತ್ತಾನೆ' ಎಂದರು. ಅವರು ಇಮಾಮ್ ಗಝಾಲಿ(ರ)ಯವರ ಇಹ್ಯಾವನ್ನು ಓದಬೇಕು. ಸಂಗೀತದ ವಿಷಯದಲ್ಲಿ ಅವರಷ್ಟು ಬಿಚ್ಚುಮನಸ್ಸಿನಿಂದ ಬರೆದ ವಿದ್ವಾಂಸರು ವಿರಳ. ಇಂಪಾದ ಧ್ವನಿಯನ್ನು ಅದು ಇಂಪಾಗಿದೆ ಎಂಬ ಕಾರಣಕ್ಕೇ ನಿಷೇಧಿಸಲಾಗದು ಎಂಬುದು ಅವರ ವಾದ. ಅಂಥವರೇ ಒಂದು ಉದಾಹರಣೆ ಕೊಡುತ್ತಾರೆ. ಕೆಲವರು ಸೇರಿ ಕೋಣೆಯನ್ನು ಸಿಂಗರಿಸಿ, ಮದ್ಯದ ಬಟ್ಟಲುಗಳನ್ನು ಜೋಡಿಸಿ, ಅವುಗಳಲ್ಲಿ ಸಿಕಂಜಬೀನ್ ಎಂಬ ಸಿಹಿಹುಳಿ ಪಾನಕವನ್ನು ಸುರಿದು, ಸುರೆ ಹಂಚುವವನಂತೆ ಒಬ್ಬನನ್ನು ನಿಲ್ಲಿಸಿ, ಕುಡುಕರ ರೀತಿಯಲ್ಲಿ ಹಂಚಿಕೊಂಡು ಕುಡಿದರೆ, ಪಾನಕ ಹಲಾಲ್ ಆಗಿದ್ದರೂ ಆ ಕೂಟ ಸಲ್ಲದು. ಕಾರಣ, ಅದು ಕೆಡುಕಿನ ಜನರ ಅನುಕರಣೆ. ಇಲ್ಲಂತೂ ಬಟ್ಟಲಿನಲ್ಲಿರುವುದು ಪಾನಕವಲ್ಲ, ಮದ್ಯವೇ. ಮದ್ಯ ಸುತ್ತುವ ಪಂಕ್ತಿಯಲ್ಲಿ ಕುಳಿತುಕೊಳ್ಳಬಾರದೆಂದು ಪ್ರವಾದಿ(ಸ)ಯವರು ತಡೆದಿರುವುದು ಕುಡಿಯುವವನನ್ನು ಮಾತ್ರವಲ್ಲ.

ವಾದ್ಯಗಳ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ನಾಲ್ಕು ಮದ್‌ಹಬ್‌ಗಳ ಬಹುಪಾಲು ಫುಕಹಾಗಳು ತಂತಿವಾದ್ಯಗಳನ್ನು ತಡೆದರು. ಇಬ್ನ್ ಹಝ್ಮ್(ರ) ತಡೆಯಲಿಲ್ಲ. ದಫ್‌ಗೆ ಮದುವೆಯಲ್ಲಿ, ಈದ್‌ನಲ್ಲಿ ಅವಕಾಶವಿದೆ. ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಎಲ್ಲರೂ ಒಮ್ಮತದಿಂದ ತಡೆದ ವಸ್ತುವೊಂದು ಕೋಣೆಯ ನಟ್ಟನಡುವೆ ಇರುವಾಗ, ಭಿನ್ನಾಭಿಪ್ರಾಯವಿರುವ ವಸ್ತುವನ್ನು ಹಿಡಿದು ಜಗಳಾಡುವುದು ಬೆಂಕಿ ಬಿಟ್ಟು ಹೊಗೆಯನ್ನು ಬೈದಂತೆ.

ಇನ್ನೊಂದು ವಿಷಯ, ಕನ್ನಡ ಓದಿದವರಾದ ನಮಗೆ ನೋವು ಕೊಡುವಂಥದು. ಆ ರಾತ್ರಿ ಹನ್ನೆರಡು ಹೊಡೆದಾಗ ಬೆಂಗಳೂರಿನಲ್ಲಿ ಉದಯಿಸುವುದು ನವೆಂಬರ್ 1, 1956ರಲ್ಲಿ ಈ ನಾಡು ಒಂದಾದ ದಿನ. ಮಧ್ಯರಾತ್ರಿಯವರೆಗೆ ವಿದೇಶೀ ದೆವ್ವಗಳ ಚಿತ್ರ ತೂಗಿದ ಬಾಗಿಲಿಗೆ ಬೆಳಗಾಗುವಾಗ ಹಳದಿ ಕೆಂಪು ಬಾವುಟ. ಅಂದು ಶಾಲೆ ಶಾಲೆಯಲ್ಲೂ ಮೊಳಗುವ ನಿತ್ಯೋತ್ಸವದ ಗೀತೆಯನ್ನು ಬರೆದವರು ಕೆ.ಎಸ್. ನಿಸಾರ್ ಅಹಮದ್. 1978ರಲ್ಲಿ ಅದೇ ಹೆಸರಿನ ಧ್ವನಿಸುರುಳಿ ಬಂದಾಗ ಕನ್ನಡ ಭಾವಗೀತೆಗೆ ಹೊಸ ದಾರಿಯೇ ತೆರೆಯಿತು. ಒಬ್ಬ ಮುಸ್ಲಿಮ್ ಕವಿ ತನ್ನ ಮುಖದಲ್ಲೇ ನಿಂತು ಬರೆದ ಹಾಡನ್ನು ನಾಡೆಲ್ಲ ಹಾಡುವ ದಿನದ ಹಿಂದಿನ ರಾತ್ರಿ, ನಮ್ಮ ಹುಡುಗ ತನ್ನದಲ್ಲದ ಹೆಸರಿನಲ್ಲಿ ಕುಳಿತಿರಬೇಕೆ?

ಇಷ್ಟು ಆ ಪಬ್ಬಿಗೆ. ಈಗ ವಾಟ್ಸಾಪ್ ಗುಂಪಿನ ಸೋದರರಿಗೆ.

ಹುಡುಗನ ಕೆನ್ನೆಯ ಕೆಂಪು ಬಣ್ಣ ಕಂಡು ನೀವು ರಕ್ತವೆಂದು ಹೌಹಾರಿದಿರಿ. ಪರನಿಂದೆಯನ್ನು ಅಲ್ಲಾಹನು ಸತ್ತ ಸೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿರುವುದನ್ನು ಇದೇ ರಮಝಾನಿನಲ್ಲಿ ನಿಮ್ಮೆದುರು ಓದಿದ್ದೆವು. ಆ ರಾತ್ರಿ ಇಶಾದಿಂದ ಫಜ್ರ್‌ವರೆಗೆ ಆ ಗುಂಪಿನಲ್ಲಿ ನಡೆದ ಊಟ ಯಾವುದು? ಒಬ್ಬರಾದರೂ ಅವನಿಗೆ ಫೋನ್ ಮಾಡಿದಿರಾ? ನಾವೂ ಮಾಡಿದ್ದು ಮರುದಿನ ಮಧ್ಯಾಹ್ನ. ಆ ತಡದ ಹೊಣೆ ನಮ್ಮದೇ.

ಹೋಗಬೇಡವೆಂದೆವು. ಗಝಾಲಿಯವರ ಮಾತನ್ನೂ ಹೇಳಿದೆವು. ಅವನು ಕೊನೆಯವರೆಗೆ ಕೇಳಿದ. ಬಳಿಕ ಮೆಲ್ಲಗೆ, 'ಉಸ್ತಾದ್, ನಾವೇ ಕಟ್ಟಿದ ಕನ್ನಡದ ಆರು ಹಾಡುಗಳಿವೆ. ಮದ್ಯವಿಲ್ಲದ ಜಾಗದಲ್ಲಿ ಹಾಡಲು ನಮಗೂ ಆಸೆಯಿದೆ. ಅಂಥ ಜಾಗ ಎಲ್ಲಿದೆ, ಹೇಳಿ' ಎಂದ. ಪೊಲೀಸ್ ಪರವಾನಗಿಯ 2005ರ ಆದೇಶವನ್ನು 2018ರಲ್ಲಿ ಸುಪ್ರೀಮ್ ಕೋರ್ಟ್ ಎತ್ತಿಹಿಡಿದ ಮೇಲೆ ಬೆಂಗಳೂರಿನ ಹಲವು ಕಡೆ ಹಾಡು ನಿಂತೇಹೋಯಿತು, ಉಳಿದುದು ದೊಡ್ಡ ಬಾರುಗಳಲ್ಲಿ ಎಂದೂ ಹೇಳಿದ. ಫಿಶ್ ಬ್ಯಾಂಡಿನ ಕಥೆ ಹೇಳಿದವನೂ ಅವನೇ. ಹತ್ತೊಂಬತ್ತು ವರ್ಷಗಳ ಬಳಿಕ, 2013ರ ಹ್ಯಾಲೋವೀನ್ ರಾತ್ರಿ ಅಟ್ಲಾಂಟಿಕ್ ಸಿಟಿಯಲ್ಲಿ ಆ ಬ್ಯಾಂಡ್ ಯಾರ ವೇಷವನ್ನೂ ಹಾಕಲಿಲ್ಲವಂತೆ. ಇನ್ನೂ ಬಿಡುಗಡೆಯಾಗದ ತಮ್ಮದೇ ಹಾಡುಗಳನ್ನು ನುಡಿಸಿದರಂತೆ. 'ನಮಗೆ ಹಾಗೆ ಬಿಡುವವರು ಯಾರು ಉಸ್ತಾದ್?'

ನಮ್ಮ ಬಳಿ ಉತ್ತರವಿರಲಿಲ್ಲ. ಅವನು ಹೋದ, ನುಡಿಸಿದ. ಅದು ತಪ್ಪೆಂದು ಇಂದಿಗೂ ಹೇಳುತ್ತೇವೆ, ಅವನ ಮುಖ ನೋಡಿಯೇ ಹೇಳುತ್ತೇವೆ.

ಕಳೆದ ಜುಮಾದ ನಂತರ ಜಮಾಅತ್ ಕಮಿಟಿಯ ಮುಂದೆ ಸಮುದಾಯ ಭವನದ ಮಾತೆತ್ತಿದೆವು. ತಂತಿವಾದ್ಯ ಬೇಡ, ದಫ್ ಮತ್ತು ಕಂಠ ಸಾಕು, ಚಹಾ ನಾವೇ ಕೊಡುತ್ತೇವೆ, ಹುಡುಗರು ತಮ್ಮ ಹಾಡು ಹಾಡಲಿ, ಹಿರಿಯರು ಕುಳಿತು ಕೇಳಲಿ ಎಂದೆವು. ಒಬ್ಬರು ಎದ್ದು ಹೊರನಡೆದರು. ಇನ್ನೊಬ್ಬರು ವಿದ್ಯುತ್ ಬಿಲ್ಲಿನ ಲೆಕ್ಕ ಕೇಳಿದರು. ಡಿಸೆಂಬರ್ ಕೊನೆಯವರೆಗೆ ಮದುವೆಗಳಿವೆ, ಜನವರಿಯ ಎರಡನೆಯ ಶುಕ್ರವಾರ ಸಂಜೆ ಖಾಲಿ ಎಂದು ಕೊನೆಗೆ ತಿಳಿಸಿದ್ದಾರೆ, ಬಾಡಿಗೆಯಲ್ಲಿ ರಿಯಾಯಿತಿ ಇಲ್ಲ.

ಹುಡುಗನಿಗೆ ಹೇಳಿದೆವು. ಬಹಳ ಹೊತ್ತು ಮಾತಾಡಲಿಲ್ಲ. ಹಳೆಯ ದಫ್‌ಗಳು ಇನ್ನೂ ಮದ್ರಸದ ಅಟ್ಟದಲ್ಲಿವೆಯೇ ಎಂದು ಕೇಳಿದ. ಇವೆ, ಚರ್ಮ ಸಡಿಲವಾಗಿದೆ, ಬಿಸಿಲಿಗೆ ಇಡಬೇಕು ಎಂದೆವು.