ಬೆಕ್ಕಿನ ಮರಿಯೂ ಬಿ.ಎ. ತರಗತಿಯೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ನಮ್ಮ ಕನ್ನಡ ಮೇಷ್ಟ್ರು ಕೇಳಿದಾಗ, ಗೆಳೆಯರೆಲ್ಲರೂ ಪ್ರಜಾಪ್ರಭುತ್ವ, ವಿಜ್ಞಾನ, ಯುವಜನರ ಕರ್ತವ್ಯ ಮುಂತಾದ ಘನವಾದ ವಿಷಯಗಳನ್ನು ಹಂಚಿಕೊಂಡುಬಿಟ್ಟರು. ನನ್ನ ಪಾಲಿಗೆ ಉಳಿದದ್ದು ಒಂದು ಬೆಕ್ಕಿನ ಮರಿ. ನಗಬೇಕೆನ್ನುವವರು ಮೊದಲೇ ನಕ್ಕುಬಿಡಲಿ. ಅನಂತರ ನಾನು ಹೇಳುವುದನ್ನು ಸ್ವಲ್ಪ ಕೇಳಲಿ.

ಕಳೆದ ಶ್ರಾವಣದ ಒಂದು ಸಂಜೆ ಕೋಲಾರದ ಬಸ್ಸಿನಿಂದಿಳಿದು ಶ್ರೀನಿವಾಸಪುರದ ಕಡೆಯ ನಮ್ಮೂರಿಗೆ ನಡೆದು ಹೋಗುತ್ತಿದ್ದೆನು. ಮಾವಿನ ತೋಪಿನ ಬೇಲಿಯ ಬಳಿ ಮುರಿದ ಟೊಮೇಟೊ ಕ್ರೇಟೊಂದು ಬಿದ್ದಿತ್ತು. ಅದರಲ್ಲಿ ಬಾಯಿ ಬಿಗಿದ ಚೀಲ. ಚೀಲದೊಳಗೆ ಎರಡು ಮರಿಗಳು. ಬಾಯಿ ಬಿಗಿಯದೆ ಇದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಏಕೆಂದರೆ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಮ್ಮಲ್ಲಿ ಹೇಳುವುದುಂಟು. ಒಂದನ್ನು ಒಯ್ದು ಇನ್ನೊಂದಕ್ಕೆ ತಾಯಿ ಬರುವುದರೊಳಗೆ ನಾವು ಎತ್ತಿಕೊಂಡು ಬಂದರೆ ಅದು ಉಪಕಾರವಲ್ಲ, ಅಪಹರಣ. ಆದರೆ ತಾಯಿಬೆಕ್ಕಿಗೆ ಚೀಲಕ್ಕೆ ಗಂಟು ಹಾಕಲು ಬರುವುದಿಲ್ಲವಷ್ಟೆ. ಅದು ಮನುಷ್ಯರ ಕೈಗಂಟು.

ಮರಿಗಳ ಕಣ್ಣು ಕೀವಿನಿಂದ ಅಂಟಿಕೊಂಡಿದ್ದವು. ಮೈಯೆಲ್ಲಾ ಚಿಗಟ. ಮೈ ತಣ್ಣಗಿತ್ತು. ನಮ್ಮದು ಹಸು ಕಟ್ಟಿದ ಮನೆ, ಹಾಲಿಗೇನು ಬರ? ಬೆಕ್ಕೆಂದರೆ ಹಾಲು, ಹಾಲೆಂದರೆ ಬೆಕ್ಕು ಎಂದು ಗಾದೆಗಳೆಲ್ಲಾ ಹೇಳುತ್ತವೆ. ನಾನು ಒಂದೊಂದನ್ನೂ ಎಳೆಗೂಸಿನಂತೆ ಅಂಗಾತ ಮಲಗಿಸಿಕೊಂಡು ಬತ್ತಿಯಿಂದ ಹಸುವಿನ ಹಾಲು ಹಿಂಡಿದೆನು. ಒಂದರ ಮೂಗಿನಿಂದ ಹಾಲು ಗುಳ್ಳೆಗುಳ್ಳೆಯಾಗಿ ಬಂತು. ರಾತ್ರಿಯೆಲ್ಲಾ ಭೇದಿಯಾಯಿತು. ಬೆಳಿಗ್ಗೆ ನೋಡಿದರೆ ಅದು ಸೆಟೆದುಕೊಂಡಿತ್ತು.

ಮರುದಿನ ತರಗತಿ ಬಿಟ್ಟು, ಉಳಿದ ಮರಿಯನ್ನು ಟವೆಲಿನಲ್ಲಿ ಸುತ್ತಿ ಪಶುವೈದ್ಯರ ಬಳಿಗೆ ಒಯ್ದೆನು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹಸುವಿನ ಹಾಲಿನಲ್ಲಿರುವ ಸಕ್ಕರೆಯ ಅಂಶವು ಬೆಕ್ಕಿನ ಮರಿಗೆ ಅರಗದೆ ಭೇದಿಯಾಗುವುದೆಂದೂ, ಮೈಯ ನೀರು ಬತ್ತಿದರೆ ಇಷ್ಟು ಸಣ್ಣ ಜೀವ ಬಹಳ ಹೊತ್ತು ತಾಳದೆಂದೂ, ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುವುದೆಂದೂ ತಿಳಿಸಿದರು. ಎಲ್ಲಕ್ಕಿಂತ ಮೊದಲು ಶಾಖ. ತಣ್ಣಗಿರುವ ಮರಿಗೆ ಏನು ಕೊಟ್ಟರೂ ಅರಗದು. ಬಾಯಿ ತೆರೆದು ನೋಡಿ, ಮುಂದಿನ ಹಲ್ಲು ಈಗ ತಾನೆ ಮೂಡುತ್ತಿದೆ, ಮೂರು ವಾರದ್ದಿರಬೇಕು ಎಂದರು. ಮರಿಗಳಿಗೆಂದೇ ಬರುವ ಹಾಲಿನ ಪುಡಿ, ಕಣ್ಣಿಗೆ ಹನಿಮದ್ದು ಬರೆದುಕೊಟ್ಟರು. ಪುಡಿಯ ಬೆಲೆ ಕೇಳಿ ನನ್ನ ಬಸ್ ಪಾಸು ನೆನಪಾಯಿತು. ಆದರೂ ಕೊಂಡೆನು.

ಮೊದಲನೆಯ ಮರಿಯನ್ನು ಕೊಂದದ್ದು ಚೀಲ ಕಟ್ಟಿದವನ ಕ್ರೌರ್ಯವೋ, ನನ್ನ ಕರುಣೆಯೋ? ಇಬ್ಬರಿಗೂ ಪಾಲಿದೆ ಎಂದೇ ನನ್ನ ಅಭಿಪ್ರಾಯ. ಅಯ್ಯೋ ಪಾಪ ಎನ್ನುವುದು ಸುಲಭ. ನಮ್ಮಲ್ಲನೇಕರು ಇಂಥ ಮರಿಯ ಚಿತ್ರವನ್ನು ಫೋನಿನಲ್ಲಿ ತೆಗೆದು ಮುಂದೆ ಹೋಗುತ್ತೇವೆ. ಕೆಲವರು ನನ್ನಂತೆ ಮನೆಗೆ ತಂದು ತಿಳಿಯದೆ ಕೊಲ್ಲುತ್ತೇವೆ. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ನಾಯಿಯ ಚಿಗಟಕ್ಕೆ ಮಾರುವ ಪರ್ಮೆಥ್ರಿನ್ ಪುಡಿಯೂ ಬೆಕ್ಕಿಗೆ ವಿಷ. ದನದ ಉಣ್ಣೆಗೆ ತಂದಿಟ್ಟ ಪುಡಿಯ ಡಬ್ಬಿಯನ್ನು ನಾನು ಅಂದು ಕೈಗೆತ್ತಿಕೊಂಡಿದ್ದೆನು ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಹಾಲು ಕಂಡರೆ ಓಡುತ್ತಿತ್ತೆನ್ನುವ ತೆನಾಲಿ ರಾಮಕೃಷ್ಣನ ಬೆಕ್ಕೇ ನಮ್ಮೆಲ್ಲರಿಗಿಂತ ಬುದ್ಧಿಯುಳ್ಳದ್ದು!

ಎರಡನೆಯ ಮರಿಯನ್ನು ಉಳಿಸಿದ್ದು ನಾನಲ್ಲ, ನಮ್ಮ ಅಮ್ಮ. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳು ರೇಷ್ಮೆಹುಳು ಸಾಕುವವಳು. ಹುಳು ಕೊನೆಯ ಜ್ವರದಿಂದ ಎದ್ದ ಮೇಲೆ ಹಗಲು ರಾತ್ರಿ ಎನ್ನದೆ ಸೊಪ್ಪು ಹಾಕಬೇಕು, ಕೈ ತೊಳೆಯದೆ ಹುಳುಮನೆಗೆ ಕಾಲಿಡಕೂಡದು, ಶಾಖ ಒಂದೇ ಸಮನಿರಬೇಕು. ವೈದ್ಯರು ಹೇಳಿದ್ದನ್ನು ನಾನು ಒಪ್ಪಿಸಿದಾಗ ಅಮ್ಮ, “ಇದೇನು ಹೊಸದಲ್ಲವಲ್ಲೋ, ಹುಳುವಿಗೆ ಮಾಡುವುದೇ ತಾನೆ” ಎಂದಳು. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟಳು. ಸೆಕೆಯಾದರೆ ಮರಿ ಸರಿದುಕೊಳ್ಳಲೆಂದು ಅರ್ಧ ಜಾಗ ಬಿಟ್ಟಳು. ಮೂರು ಗಂಟೆಗೊಮ್ಮೆ ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಹನಿಹನಿಯಾಗಿ ಕುಡಿಸಿದೆವು. ಕುಡಿದ ಮೇಲೆ ಒದ್ದೆ ಬಟ್ಟೆಯಿಂದ ಹಿಂಭಾಗವನ್ನು ಮೆಲ್ಲನೆ ಒರೆಸಬೇಕು. ತಾಯಿ ನೆಕ್ಕಿದಂತಾಗದೆ ಎಳೆಯ ಮರಿ ಸರಿಯಾಗಿ ಉಚ್ಚೆ ಹೊಯ್ಯದು. ಈ ಕೆಲಸವನ್ನು ಕಂಡು ಅಜ್ಜಿ, “ಬಿ.ಎ. ಓದಿ ಕಲಿತದ್ದು ಪಿಲ್ಲಿಯ ಮುಕಳಿ ಒರೆಸುವುದಾ?” ಎಂದು ಕೇಳಿದಳು. ನಮ್ಮ ಮನೆಯಲ್ಲಿ ಬೆಕ್ಕು ಅರ್ಧ ಹೊತ್ತು ಕನ್ನಡದಲ್ಲಿ ಬೆಕ್ಕು, ಅರ್ಧ ಹೊತ್ತು ತೆಲುಗಿನಲ್ಲಿ ಪಿಲ್ಲಿ.

ಅಪ್ಪನ ಆಕ್ಷೇಪಣೆ ಹಾಸ್ಯದ್ದಲ್ಲ. “ತಂಗಿಯ ಫೀಜಿಗೆ ಹೊಂದಿಸುವುದೇ ಕಷ್ಟ. ನಿನಗೆ ಬೆಕ್ಕಿಗೆ ದುಡ್ಡು ಎಲ್ಲಿಂದ ಬಂತು?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದಯೆಯು ಉಳ್ಳವರ ಮನೆಯ ಶೋಕಿ ಎಂದು ಹೇಳುವವರಿಗೆ ಸುಮ್ಮನೆ ಎದುರಾಡಲಾರೆ. ಬಡವರ ಮನೆಯಲ್ಲಿ ಪ್ರತಿಯೊಂದು ರೂಪಾಯಿಯೂ ಇನ್ನೊಬ್ಬರ ಬಾಯಿಯಿಂದಲೇ ಬರಬೇಕು. ಆದರೆ ಮಗ್ಗುಲಲ್ಲಿ ಉಸಿರಾಡುತ್ತಿದ್ದುದನ್ನು ಮತ್ತೆ ಬೇಲಿಗೆ ಎಸೆಯಲು ಅಪ್ಪನೂ ಹೇಳಲಿಲ್ಲ. ಮೂರನೆಯ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಗದೆ ಹೋದಾಗ ಬಾಟಲಿಯ ನೀರು ಬದಲಾಯಿಸಿದವರು ಅವರೇ.

ಇನ್ನು ಕಾನೂನಿನ ಮಾತು. 1960ರ ಪ್ರಾಣಿ ಹಿಂಸಾ ನಿವಾರಣಾ ಅಧಿನಿಯಮದ 11ನೆಯ ಪ್ರಕರಣದ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲದ ದಂಡವೆಷ್ಟು ಗೊತ್ತೆ? ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತು ರೂಪಾಯಿಯವರೆಗೆ. 2023ರ ಜುಲೈನಲ್ಲಿ ನಮ್ಮ ಕೋಲಾರದ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಅಂದರೆ ಅರ್ಧ ಕಿಲೋ ಟೊಮೇಟೊ ಬೆಲೆಗೆ ಒಂದು ಈಡು ಮರಿಗಳನ್ನು ತೊರೆಯಬಹುದು.

ಚೀಲ ಕಟ್ಟಿದವನನ್ನೂ ನಾನು ರಾಕ್ಷಸನೆನ್ನಲಾರೆ. ಕೈಯಾರೆ ಕೊಲ್ಲಲು ಮನಸ್ಸಿಲ್ಲದವರೇ ಹೀಗೆ ಬಿಟ್ಟುಬರುವುದು. ಬೆಕ್ಕು ಸುಮಾರು ಒಂಬತ್ತು ವಾರಕ್ಕೆ ಈಯುತ್ತದೆ. ನಾಲ್ಕೈದು ತಿಂಗಳಿನ ಮರಿಯೇ ಗರ್ಭ ಧರಿಸಬಲ್ಲದು. ಇಲಿಯ ಕಾಟಕ್ಕೆಂದು ಬೆಕ್ಕು ಬೇಕು, ಮರಿಗಳು ಬೇಡ. ಹಾಗಿದ್ದರೆ ಮಾಡಬೇಕಾದದ್ದು ಸಂತಾನಹರಣದ ಶಸ್ತ್ರಚಿಕಿತ್ಸೆಯೇ ಹೊರತು ಚೀಲವಲ್ಲ. ಹಸುವಿಗೆ ಕಾಯಿಲೆಯಾದರೆ 1962ಕ್ಕೆ ಫೋನು ಮಾಡಿ ಪಶುವೈದ್ಯರನ್ನು ಕರೆಯುವ ನಮ್ಮ ಊರುಗಳಿಗೆ, ಬೆಕ್ಕಿಗೂ ವೈದ್ಯರುಂಟೆಂಬುದೇ ಸುದ್ದಿ.

ನಮ್ಮ ಮರಿ ಈಗ ಆರು ತಿಂಗಳಿನ ಹೆಣ್ಣು ಬೆಕ್ಕು. ಎಡಗಣ್ಣಿನಲ್ಲಿ ಬಿಳಿಯ ಮಚ್ಚೆ ಉಳಿದಿದೆ. ಹುಳುಮನೆಯ ಬಾಗಿಲಲ್ಲಿ ಕುಳಿತು ಇಲಿ ಕಾಯುತ್ತದೆ. ಒಮ್ಮೆ ತಂಗಿಯನ್ನು ಪರಚಿತು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಆಸ್ಪತ್ರೆಗೆ ಕರೆದೊಯ್ದು ರೇಬೀಸ್ ಚುಚ್ಚುಮದ್ದು ಹಾಕಿಸಿದೆವು. ಅಂದಿನಿಂದ ಬೆಕ್ಕಿಗೂ ಚುಚ್ಚುಮದ್ದಿನ ಕಾರ್ಡಿದೆ. ಮನೆಯಲ್ಲಿ ನನಗಿಂತ ಅದರ ದಾಖಲೆಗಳೇ ಸರಿಯಾಗಿವೆಯೆಂದು ಅಪ್ಪ ಹೇಳುತ್ತಾರೆ.

ಪರೀಕ್ಷೆಯಾದ ಮೇಲೆ ನಾನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕು. ಅದಕ್ಕೆ ಮುಂಚೆ ಶಸ್ತ್ರಚಿಕಿತ್ಸೆ ಮಾಡಿಸಿಬಿಡೋಣವೆಂದರೆ ಅಜ್ಜಿ ಒಪ್ಪುತ್ತಿಲ್ಲ, “ಒಂದು ಸಲವಾದರೂ ಅದು ತಾಯಾಗಲಿ” ಎನ್ನುತ್ತಾಳೆ. ಹುಟ್ಟುವ ಮರಿಗಳನ್ನು ಯಾರಿಗೆ ಕೊಡುತ್ತೀಯವ್ವಾ ಎಂದು ಕೇಳಿದರೆ ಸುಮ್ಮನಾಗುತ್ತಾಳೆ. ಬರುವ ಸೋಮವಾರಕ್ಕೆ ವೈದ್ಯರು ದಿನ ಕೊಟ್ಟಿದ್ದಾರೆ. ಬೆಳಗಿನ ಮೊದಲ ಬಸ್ಸಿಗೆ ಬುಟ್ಟಿಯೊಂದು ಬೇಕು. ಅಮ್ಮ ಹುಡುಕಿಟ್ಟಿದ್ದಾಳೆ.